ಉಗ್ರಾಣದ ಪಾಠ: ಪ್ಲಾಸ್ಟಿಕ್ ಡಬ್ಬದಲ್ಲಿ ಏನನ್ನು ಇಡಬೇಕು, ಹೇಗೆ ಇಡಬೇಕು



ಹೋಟೆಲು ನಡೆಸುವ ನಮಗೆ ಗಲ್ಲಾದ ಲೆಕ್ಕ ಬಾಯಿಪಾಠ. ತರಕಾರಿಗೆ ಎಷ್ಟು ಹೋಯಿತು, ಗ್ಯಾಸಿಗೆ ಎಷ್ಟು, ಸಂಬಳಕ್ಕೆ ಎಷ್ಟು ಎಂದು ಕೇಳಿದರೆ ಪುಸ್ತಕ ನೋಡದೆ ಹೇಳುತ್ತೇವೆ. ಆದರೆ ಉಗ್ರಾಣದ ಮೂಲೆಯಲ್ಲಿ ಹುಳ ಹಿಡಿದ ರವೆ, ಗಂಟು ಕಟ್ಟಿದ ಉಪ್ಪು, ಇಲಿ ಕಡಿದ ಬೇಳೆ ಗೋಣಿ, ಮೂರು ಸಲ ಕೊಂಡುಬಂದು ಮೂರು ಸಲವೂ ಕಾಣೆಯಾದ ಸಾಸಿವೆ ಪೊಟ್ಟಣ ಇವು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಇದು ಸದ್ದಿಲ್ಲದೆ ಆಗುವ ನಷ್ಟ. ಇದಕ್ಕಿಂತಲೂ ದೊಡ್ಡ ಭಯ ಇನ್ನೊಂದಿದೆ. ತಪ್ಪು ಡಬ್ಬದಲ್ಲಿಟ್ಟ ವಸ್ತು ಗಿರಾಕಿಯ ತಟ್ಟೆಗೆ ಬಂದರೆ ಅದನ್ನು ದುಡ್ಡಿನಿಂದ ತುಂಬಿಕೊಡಲು ಬರುವುದಿಲ್ಲ. ಆದ್ದರಿಂದ ಈ ಸಲದ ಪಾಠಕ್ಕೆ ಬಹಳ ಸಾಮಾನ್ಯವಾದ ವಿಷಯವನ್ನೇ ತೆಗೆದುಕೊಂಡಿದ್ದೇವೆ. ಅದು ಪ್ಲಾಸ್ಟಿಕ್ ಡಬ್ಬ.

ಕಾಂದಿವಲಿಯಂಥ ಉಪನಗರದಲ್ಲಿ ನಮ್ಮವರ ಹೆಚ್ಚಿನ ಹೋಟೆಲುಗಳು ಕಟ್ಟಡದ ಕೆಳ ಅಂತಸ್ತಿನ ಸಣ್ಣ ಗಾಲಾಗಳಲ್ಲಿವೆ. ಗಿರಾಕಿ ಕುಳಿತುಕೊಳ್ಳುವ ಜಾಗ ಬಿಟ್ಟು, ಅಡುಗೆಮನೆ ಬಿಟ್ಟು, ಉಗ್ರಾಣಕ್ಕೆ ಉಳಿಯುವುದು ಒಂದು ಮೂಲೆ ಮತ್ತು ಮೇಲಿನ ಪೋಟ್‌ಮಾಳ. ನಮ್ಮ ಹೋಟೆಲಿನ ಉಗ್ರಾಣ 8 ಅಡಿಗೆ 6 ಅಡಿ. ಅಷ್ಟರಲ್ಲೇ ಅಕ್ಕಿ, ಬೇಳೆ, ಎಣ್ಣೆ, ಮಸಾಲೆ, ಪಾತ್ರೆ, ತೊಳೆಯುವ ಸಾಮಾನು ಎಲ್ಲವೂ ಇರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಸರಿ, ಆದರೆ ಹಾಸಿಗೆಯನ್ನು ಸರಿಯಾಗಿ ಹಾಸುವುದೂ ಕಲಿಯಬೇಕಾದ ವಿದ್ಯೆಯೇ.

1. ಮುಡಿಯಿಂದ ಡಬ್ಬದವರೆಗೆ

ಊರಿನಲ್ಲಿ ನಮ್ಮ ಹಿರಿಯರು ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಭತ್ತಕ್ಕೆ ಮರದ ಪತ್ತಾಯ ಇತ್ತು. ಉಪ್ಪಿನಕಾಯಿ, ಹುಳಿ, ಉಪ್ಪಿಗೆ ಮಣ್ಣಿನ ಅಥವಾ ಪಿಂಗಾಣಿ ಭರಣಿ. ಮುಂಬಯಿಗೆ ಬಂದ ಮೇಲೆ ಗೋಣಿಚೀಲವೂ, 15 ಕಿಲೋ ಎಣ್ಣೆಯ ತಗಡಿನ ಡಬ್ಬವೂ ಹೋಟೆಲಿನ ಉಗ್ರಾಣವಾದವು. ಖಾಲಿ ಎಣ್ಣೆ ಡಬ್ಬದ ಬಾಯಿ ಕತ್ತರಿಸಿ ಮುಚ್ಚಳ ಹಾಕಿಸಿದರೆ ಅದೇ ಬೇಳೆಯ ಡಬ್ಬ. ಬಳಿಕ ಪ್ಲಾಸ್ಟಿಕ್ ಬಂತು. ಹಗುರ, ತುಕ್ಕು ಹಿಡಿಯುವುದಿಲ್ಲ, ಇಲಿ ಸುಲಭದಲ್ಲಿ ಕಡಿಯುವುದಿಲ್ಲ, ಒಂದರ ಮೇಲೊಂದು ಇಡಬಹುದು, ಪಾರದರ್ಶಕವಾದರೆ ಒಳಗಿನದು ಹೊರಗೆ ಕಾಣುತ್ತದೆ.

ಆದರೆ ಹಳೆಯ ಪದ್ಧತಿಯಲ್ಲಿದ್ದ ಒಂದು ಗುಣ ಪ್ಲಾಸ್ಟಿಕ್‌ನಲ್ಲಿ ಇಲ್ಲ. ಮುಡಿಗೂ ಗೋಣಿಗೂ ಗಾಳಿ ಆಡುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಗಾಳಿ ಆಡುವುದಿಲ್ಲ. ಒಣಗಿದ ಸಾಮಾನು ಹಾಕಿದರೆ ಅದು ಒಣಗಿಯೇ ಇರುತ್ತದೆ. ತೇವ ಇರುವ ಸಾಮಾನು ಹಾಕಿದರೆ ತೇವ ಒಳಗೇ ಕುಳಿತು ಬೂಷ್ಟು ಹಿಡಿಸುತ್ತದೆ. ಹುರಿದ ರವೆಯನ್ನು ಬಿಸಿ ಇರುವಾಗಲೇ ತುಂಬಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟುವುದು ಇದರಿಂದಲೇ. ಡಬ್ಬ ಸಾಮಾನನ್ನು ಒಣಗಿಸುವುದಿಲ್ಲ, ಹೇಗೆ ಕೊಟ್ಟೆವೋ ಹಾಗೆ ಕಾಯುತ್ತದೆ ಅಷ್ಟೆ. ಇದು ಮೊದಲ ಪಾಠ.

2. ಡಬ್ಬವನ್ನು ಬೋರಲು ಹಾಕಿ ನೋಡಿ

ಹೆಚ್ಚಿನ ಡಬ್ಬಗಳ ಅಡಿಯಲ್ಲಿ ಮೂರು ಬಾಣಗಳ ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ. 1 ಎಂದರೆ ಪೆಟ್, ನೀರಿನ ಬಾಟಲಿಯ ಜಾತಿ. 2 ಎಂದರೆ ಎಚ್‌ಡಿಪಿಇ, ಡ್ರಮ್ಮು ಮತ್ತು ಕ್ರೇಟುಗಳಿಗೆ ಬಳಸುವ ಗಟ್ಟಿ ಜಾತಿ. 3 ಪಿವಿಸಿ. 4 ಎಲ್‌ಡಿಪಿಇ, ತೆಳು ಚೀಲದ ಜಾತಿ. 5 ಪಿಪಿ ಅಂದರೆ ಪಾಲಿಪ್ರೊಪಿಲೀನ್. 6 ಪಾಲಿಸ್ಟೈರೀನ್, ಥರ್ಮೋಕೋಲ್ ಇದೇ ಜಾತಿ. 7 ಇತರೆ. ಹೋಟೆಲಿನ ಉಗ್ರಾಣಕ್ಕೆ ಸೂಕ್ತವಾದವು 2 ಮತ್ತು 5. ಸಣ್ಣ ಪ್ರಮಾಣದ ಒಣ ಮಸಾಲೆಗೆ 1 ಕೂಡ ನಡೆಯುತ್ತದೆ.

ಇಲ್ಲಿ ಅನೇಕರು ತಪ್ಪು ತಿಳಿಯುವುದುಂಟು. ಈ ಅಂಕಿ ಪ್ಲಾಸ್ಟಿಕ್‌ನ ಜಾತಿಯನ್ನು ಮಾತ್ರ ಹೇಳುತ್ತದೆ, ಆಹಾರಕ್ಕೆ ಯೋಗ್ಯ ಎಂದು ಹೇಳುವುದಿಲ್ಲ. ಕಸದ ಬುಟ್ಟಿಯ ಅಡಿಯಲ್ಲೂ 5 ಇರಬಹುದು. ಆಹಾರಕ್ಕೆ ಯೋಗ್ಯವೋ ಎಂದು ತಿಳಿಯಲು ಲೋಟ ಮತ್ತು ಮುಳ್ಳುಚಮಚದ ಚಿಹ್ನೆ ಇದೆಯೇ, 'ಫುಡ್ ಗ್ರೇಡ್' ಎಂದು ಅಚ್ಚಾಗಿದೆಯೇ ನೋಡಬೇಕು. ದೊಡ್ಡ ಖರೀದಿಯಾದರೆ ಅಂಗಡಿಯವನಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಆಹಾರಕ್ಕೆ ತಾಗುವ ಪಾಲಿಎಥಿಲೀನ್‌ಗೆ ಐಎಸ್ 10146, ಪಾಲಿಪ್ರೊಪಿಲೀನ್‌ಗೆ ಐಎಸ್ 10910 ಎಂಬ ಮಾನಕಗಳಿವೆ. ಬಣ್ಣಕ್ಕೂ ಐಎಸ್ 9833 ಎಂಬ ಬೇರೆ ಮಾನಕ ಇದೆ. ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮಗಳು 2019ರ ಜುಲೈ 1ರಿಂದ ಜಾರಿಗೆ ಬಂದವು. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಅಂಶ ಒಂದು ಕಿಲೋಗೆ 60 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಅದರಲ್ಲಿದೆ. ಇದನ್ನು ಪರೀಕ್ಷಿಸುವುದು ಪ್ರಯೋಗಾಲಯದ ಕೆಲಸ. ನಮ್ಮ ಕೆಲಸ ಗೊತ್ತಿರುವ ಕಡೆಯಿಂದ ಕೊಳ್ಳುವುದು, ರಸ್ತೆಬದಿಯಲ್ಲಿ ತೂಕದ ಲೆಕ್ಕದಲ್ಲಿ ಮಾರುವ, ವಾಸನೆ ಬರುವ, ಕಪ್ಪು ಬಣ್ಣದ ಮಾಲನ್ನು ಆಹಾರಕ್ಕೆ ತರದಿರುವುದು.

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಇರುವಾಗ ಡಬ್ಬ ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ರಾಜ್ಯ ಸರಕಾರದ ಅಧಿಸೂಚನೆ 2018ರ ಮಾರ್ಚ್ 23ರಂದು ಬಂತು, ಜೂನ್ 23ರಿಂದ ದಂಡ ಶುರುವಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಇವೆರಡರ ಗುರಿ ಕೈಚೀಲ, ತಟ್ಟೆ, ಲೋಟ, ಚಮಚದಂಥ ಒಮ್ಮೆ ಬಳಸಿ ಬಿಸಾಡುವ ಮಾಲು. ವರ್ಷಗಟ್ಟಲೆ ತೊಳೆದು ಬಳಸುವ ಉಗ್ರಾಣದ ಡಬ್ಬ ಆ ಸಾಲಿಗೆ ಸೇರಿದ್ದಲ್ಲ.

3. ಹಳೆಯ ಡ್ರಮ್ಮು ಎಂಬ ಅಪಾಯ

ಕೇಟರಿಂಗ್ ಮಾಡುವವರು ನೀರು ತುಂಬಲು ನೀಲಿ ಡ್ರಮ್ಮು ಕೊಳ್ಳುತ್ತಾರೆ. ಹೊಸದಕ್ಕಿಂತ ಹಳೆಯದು ಬಹಳ ಅಗ್ಗ. ಆದರೆ ಬಜಾರಿನಲ್ಲಿ ಸಿಗುವ ಹಳೆಯ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಬಣ್ಣವೋ, ಆಸಿಡ್ಡೋ, ಔಷಧಿ ಕಾರ್ಖಾನೆಯ ರಸಾಯನವೋ, ಮಾರುವವನಿಗೂ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಗಾಜಿನ ಹಾಗಲ್ಲ. ಅದು ಒಳಗಿದ್ದ ವಸ್ತುವನ್ನು ಅಷ್ಟಿಷ್ಟು ಹೀರಿಕೊಂಡಿರುತ್ತದೆ. ಇಂಗು ಇಟ್ಟ ಡಬ್ಬವನ್ನು ಹತ್ತು ಸಲ ತೊಳೆದರೂ ವಾಸನೆ ಹೋಗದಿರುವುದು ನಮಗೆಲ್ಲ ಗೊತ್ತು. ಇಂಗಿನ ವಾಸನೆ ಮೂಗಿಗೆ ತಿಳಿಯುತ್ತದೆ, ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ.

2013ರ ಜುಲೈ 16ರಂದು ಬಿಹಾರದ ಸಾರನ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ಕಂಡುಬಂತು. ಕೀಟನಾಶಕ ಇದ್ದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದರು ಎಂದು ಅಧಿಕಾರಿಗಳು ಆಗ ಹೇಳಿದರು. ಅಡುಗೆ ಮಾಡಿದವರು ಅಡುಗೆ ತಿಳಿಯದವರಲ್ಲ, ಅಕ್ಕಿ ಬೇಳೆ ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದು ಡಬ್ಬ ಒಂದೇ. ನಾವು ದಿನಕ್ಕೆ ನೂರಾರು ಜನರಿಗೆ ಬಡಿಸುವವರು. ಮದುವೆ ಹಾಲಿನಲ್ಲಾದರೆ ಸಾವಿರ ಜನ. ಈ ಸಂಗತಿಯನ್ನು ಕೆಲಸಗಾರರಿಗೆ ವರ್ಷಕ್ಕೊಮ್ಮೆಯಾದರೂ ಕೂರಿಸಿ ಹೇಳಬೇಕು.

ಆದ್ದರಿಂದ ನಿಯಮ ಒಂದೇ. ಹಿಂದೆ ಏನಿತ್ತೆಂದು ಗೊತ್ತಿಲ್ಲದ ಡಬ್ಬ, ಡ್ರಮ್ಮು, ಕ್ಯಾನು ಆಹಾರಕ್ಕೂ ಬೇಡ, ಕುಡಿಯುವ ನೀರಿಗೂ ಬೇಡ, ಪಾತ್ರೆ ತೊಳೆಯುವ ನೀರಿಗೂ ಬೇಡ. ಹಾಗೆಯೇ ನಮ್ಮಲ್ಲಿ ಖಾಲಿಯಾದ ಫಿನೈಲ್, ಆಸಿಡ್, ತೊಳೆಯುವ ದ್ರವದ ಕ್ಯಾನುಗಳನ್ನು ತೂತು ಮಾಡಿಯೇ ಭಂಗಾರದವನಿಗೆ ಕೊಡಬೇಕು. ಇನ್ನೊಬ್ಬರ ಮನೆಯಲ್ಲಿ ಅದು ಎಣ್ಣೆಯ ಕ್ಯಾನು ಆಗಬಾರದು.

4. ಯಾವುದು ಪ್ಲಾಸ್ಟಿಕ್‌ನಲ್ಲಿ, ಯಾವುದು ಬೇಡ

ಪ್ಲಾಸ್ಟಿಕ್‌ನಲ್ಲಿ ಇಡಬಹುದಾದದ್ದು: ಅಕ್ಕಿ, ಬೇಳೆ, ರವೆ, ಮೈದಾ, ಕಡಲೆಹಿಟ್ಟು, ಅವಲಕ್ಕಿ, ಸಕ್ಕರೆ, ಉಪ್ಪು, ಇಡಿಯಾದ ಒಣ ಮಸಾಲೆ, ಚಹಾಪುಡಿ. ಫ್ರಿಜ್ಜಿನಲ್ಲಿ ತೊಳೆದು ನೀರು ಬಸಿದ ತರಕಾರಿ, ಹೆಚ್ಚಿದ ತರಕಾರಿ, ತುರಿದ ಕಾಯಿ ಇವುಗಳಿಗೆ ಮುಚ್ಚಳ ಇರುವ ಪಿಪಿ ಡಬ್ಬ ಒಳ್ಳೆಯದು.

ತೂತಿನ ಕ್ರೇಟಿನಲ್ಲಿ ಇಡಬೇಕಾದದ್ದು: ನೀರುಳ್ಳಿ, ಬಟಾಟೆ, ಬೆಳ್ಳುಳ್ಳಿ, ಶುಂಠಿ, ತೆಂಗಿನಕಾಯಿ. ಇವುಗಳಿಗೆ ಗಾಳಿ ಬೇಕು. ನೀರುಳ್ಳಿ ಮತ್ತು ಬಟಾಟೆಯನ್ನು ಒಂದೇ ಕ್ರೇಟಿನಲ್ಲಿ ಹಾಕಬಾರದು, ಎರಡೂ ಬೇಗ ಕೆಡುತ್ತವೆ.

ಸ್ಟೀಲಿನಲ್ಲೇ ಇರಬೇಕಾದದ್ದು: ಬಿಸಿ ಸಾಂಬಾರು, ಬಿಸಿ ಹಾಲು, ಕರಿದ ಎಣ್ಣೆ, ಇಡ್ಲಿ ದೋಸೆಯ ಹಿಟ್ಟು. ಪೆಟ್ ಪ್ಲಾಸ್ಟಿಕ್ ಸುಮಾರು 70 ಡಿಗ್ರಿ ಶಾಖಕ್ಕೇ ಮೆತ್ತಗಾಗುತ್ತದೆ. ಪಿಪಿ ಬಿಸಿ ತಡೆಯುತ್ತದೆ ಎನ್ನುವುದು ನಿಜ, ಆದರೆ ಅದು ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಪೂರಿ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಡಾಯಿಯಿಂದ ತೆಗೆದ ವಡೆಯನ್ನು ಪ್ಲಾಸ್ಟಿಕ್ ಟಬ್ಬಿಗೆ ಸುರಿಯುವ ಅಭ್ಯಾಸ ಎಲ್ಲಿದ್ದರೂ ಇಂದೇ ಬಿಡಿಸಬೇಕು. ದೋಸೆಹಿಟ್ಟು ಹುಳಿಯಾಗುವ ವಸ್ತು, ಉಬ್ಬುವ ವಸ್ತು, ರಾತ್ರಿಯಿಡೀ ಇರುವ ವಸ್ತು. ಅದಕ್ಕೆ ಸ್ಟೀಲಿನ ಕೊಪ್ಪರಿಗೆಯೇ ಸರಿ. ಮೇಲೆ ಮೂರನೇ ಒಂದು ಪಾಲು ಜಾಗ ಬಿಡಬೇಕು, ಮುಚ್ಚಳ ಬಿಗಿ ಮಾಡಬಾರದು.

ಉಪ್ಪಿನಕಾಯಿ, ಹುಣಸೆ ರಸಕ್ಕೆ ಭರಣಿ ಅಥವಾ ಗಾಜು. ಇಂಗಿಗೆ ಅದರದ್ದೇ ಆದ ಸಣ್ಣ ಡಬ್ಬ, ಅದರಲ್ಲಿ ಮತ್ತೇನೂ ಬೇಡ.

ಉಳಿದ ಸಾಂಬಾರು, ಪಲ್ಯ ತಣಿಸುವಾಗ ಆಳದ ಡಬ್ಬಕ್ಕೆ ತುಂಬಿ ಫ್ರಿಜ್ಜಿಗೆ ತಳ್ಳಿದರೆ ನಡುವಿನ ಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ, ಅಲ್ಲಿ ಅದು ಹಳಸುತ್ತದೆ. ಅಗಲವಾದ, ನಾಲ್ಕು ಬೆರಳಿಗಿಂತ ಆಳವಿಲ್ಲದ ಸ್ಟೀಲ್ ತಟ್ಟೆಗಳಲ್ಲಿ ಹರಡಿ 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಸಬೇಕು. ತಣಿದ ಮೇಲೆ ಡಬ್ಬಕ್ಕೆ ಹಾಕಿ ತಾರೀಕು ಬರೆಯಬೇಕು.

5. ಎಷ್ಟು ದೊಡ್ಡ ಡಬ್ಬ ಬೇಕು? ಒಂದು ಸಣ್ಣ ಲೆಕ್ಕ

ಡಬ್ಬ ಮಾರುವವರು ಲೀಟರಿನಲ್ಲಿ ಹೇಳುತ್ತಾರೆ, ನಾವು ಸಾಮಾನು ತರುವುದು ಕಿಲೋದಲ್ಲಿ. ಒಂದು ಲೀಟರು ಜಾಗದಲ್ಲಿ ಅಕ್ಕಿ ಅಥವಾ ಉದ್ದಿನಬೇಳೆ ಸುಮಾರು 800 ಗ್ರಾಂ ಹಿಡಿಯುತ್ತದೆ. ಸಕ್ಕರೆ ಸ್ವಲ್ಪ ಹೆಚ್ಚು, 850 ಗ್ರಾಂ. ಮೈದಾ 550ರಿಂದ 600 ಗ್ರಾಂ ಮಾತ್ರ. ಉಪ್ಪು ಒಂದು ಕಿಲೋಗೂ ಮೇಲೆ. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು ಬಹಳ ಹಗುರ, ಜಾಗವನ್ನೇ ತಿನ್ನುತ್ತವೆ. ನಿಮ್ಮ ಮಾಲಿನ ಲೆಕ್ಕ ತಿಳಿಯಲು ಒಂದು ಲೀಟರಿನ ಅಳತೆ ಪಾತ್ರೆ ತುಂಬಿಸಿ ತಕ್ಕಡಿಯಲ್ಲಿಟ್ಟರೆ ಸಾಕು.

ಈಗ ಉದಾಹರಣೆ ನೋಡೋಣ. ಒಂದು ಹೋಟೆಲಿಗೆ ದಿನಕ್ಕೆ 6 ಕಿಲೋ ಉದ್ದಿನಬೇಳೆ ಬೇಕು. 4 ದಿನದ ದಾಸ್ತಾನು ಇಡಬೇಕು. ಆರ್ಡರು ಕೊಟ್ಟರೆ 2 ದಿನದೊಳಗೆ ಮಾಲು ಬರುತ್ತದೆ.

4 ದಿನಕ್ಕೆ 24 ಕಿಲೋ. ಅದನ್ನು 0.8ರಿಂದ ಭಾಗಿಸಿದರೆ 30 ಲೀಟರು. ಮುಚ್ಚಳ ಸರಿಯಾಗಿ ಕೂರಲು ಹತ್ತರಲ್ಲೊಂದು ಪಾಲು ಬಿಡುವು ಸೇರಿಸಿದರೆ 33. ಬಜಾರಿನಲ್ಲಿ 35 ಲೀಟರಿನ ಒಂದು ಡಬ್ಬ ಕೊಂಡರೆ ಆಯಿತು ಎನ್ನಿಸುತ್ತದೆ. ಆದರೆ ಅದರ ಬದಲು 20 ಲೀಟರಿನ ಎರಡು ಡಬ್ಬ ಕೊಳ್ಳುವುದು ಮೇಲು. ಒಂದೊಂದಕ್ಕೆ 12 ಕಿಲೋ, ಅಂದರೆ 15 ಲೀಟರು, ಬಿಡುವು ಸೇರಿ 17. ಏಕೆ ಎರಡು ಎಂಬುದೇ ಈ ಪಾಠದ ಮುಖ್ಯ ಭಾಗ.

6. ಎರಡು ಡಬ್ಬದ ಪದ್ಧತಿ

ಒಂದೇ ದೊಡ್ಡ ಡಬ್ಬ ಇದ್ದರೆ ಅದು ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಅಡಿಯಲ್ಲಿ ಎರಡು ಕಿಲೋ ಉಳಿದಿರುವಾಗಲೇ ಹೊಸ ಮಾಲು ಬರುತ್ತದೆ, ಹುಡುಗ ಅದನ್ನು ಮೇಲೆ ಸುರಿಯುತ್ತಾನೆ. ಮೇಲಿನದು ಖರ್ಚಾಗುತ್ತದೆ, ಅಡಿಯದು ಅಲ್ಲೇ ಉಳಿಯುತ್ತದೆ. ಹೀಗೆ ತಿಂಗಳು ಎರಡು ತಿಂಗಳು. ಅಕ್ಕಿಗೆ ಬರುವ ಸೊಂಡಿಲು ಹುಳಕ್ಕೆ ಮುಂಬಯಿಯ ಸೆಕೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಸುಮಾರು ಒಂದು ತಿಂಗಳು ಸಾಕು. ಅಡಿಯಲ್ಲಿ ಉಳಿದ ಎರಡು ಕಿಲೋ ಅದರ ತವರುಮನೆ. ಹೊಸದಾಗಿ ಎಷ್ಟು ಒಳ್ಳೆಯ ಮಾಲು ತಂದು ಸುರಿದರೂ ಅಲ್ಲಿಂದ ಹುಳ ಮೇಲೆ ಬರುತ್ತದೆ. ಆಗ ನಾವು ದಿನಸಿ ಅಂಗಡಿಯವರ ಮೇಲೆ ಸಿಟ್ಟಾಗುತ್ತೇವೆ.

ಎರಡು ಡಬ್ಬ ಇದ್ದರೆ ಹೀಗೆ. ಒಂದನೇ ಡಬ್ಬದಿಂದ ಮಾತ್ರ ತೆಗೆಯಬೇಕು. ಅದು ತಳ ಕಂಡ ಮೇಲೆ ಎರಡನೆಯದನ್ನು ತೆರೆಯಬೇಕು. ಒಂದನೆಯದನ್ನು ತೊಳೆದು, ಬೋರಲು ಹಾಕಿ, ಪೂರ್ತಿ ಒಣಗಿಸಿ, ನಂತರವೇ ಹೊಸ ಮಾಲು ತುಂಬಬೇಕು. ಹೊಸತು ಹಳತಿನ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ಇನ್ನೊಂದು ಲಾಭ ಇದೆ. ಒಂದು ಡಬ್ಬ ಖಾಲಿಯಾಯಿತು ಎಂದರೆ ಇನ್ನು 12 ಕಿಲೋ, ಅಂದರೆ ಎರಡು ದಿನದ ಮಾಲು ಇದೆ ಎಂದು ಅರ್ಥ. ಅದೇ ಆರ್ಡರು ಕೊಡುವ ಗಂಟೆ. ಯಾರೂ ಪುಸ್ತಕ ನೋಡಬೇಕಾಗಿಲ್ಲ, ಖಾಲಿ ಡಬ್ಬದ ಮುಚ್ಚಳವನ್ನು ಗಲ್ಲಾದ ಬಳಿ ತಂದಿಟ್ಟರೆ ಸಾಕು. ಓದುಬರಹ ಬಾರದ ಹುಡುಗನೂ ಇದನ್ನು ಮಾಡಬಲ್ಲ.

ಗೋಣಿಯಲ್ಲಿ 30 ಅಥವಾ 50 ಕಿಲೋ ತರಿಸುವವರು ಗೋಣಿಯನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ತೆರೆದ ಮೇಲೆ ಬಾಯಿ ಮಡಚಿ ಬಿಡದೆ ಆದಷ್ಟು ಬೇಗ ಡಬ್ಬಕ್ಕೆ ಮಾಡಬೇಕು.

7. ಹೆಸರು, ಬಣ್ಣ, ಜಾಗ

ಮೊದಲು ಹೋಟೆಲಿನಲ್ಲಿ ಕೆಲಸಕ್ಕಿದ್ದವರೆಲ್ಲ ಊರಿನ ಹುಡುಗರು. 'ಅಲ್ಲಿಂದ ಸೋಡ ಕೊಡು' ಎಂದರೆ ಯಾವ ಸೋಡ ಎಂದು ತಿಳಿಯುತ್ತಿತ್ತು. ಈಗ ಒಡಿಶಾ, ಬಿಹಾರ, ಉತ್ತರ ಪ್ರದೇಶ, ನೇಪಾಳದ ಹುಡುಗರು ಬರುತ್ತಾರೆ. ಒಬ್ಬೊಬ್ಬರ ಭಾಷೆ ಒಂದೊಂದು, ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಅಡುಗೆ ಸೋಡ, ಬಟ್ಟೆ ಸೋಡ, ಪುಡಿಯುಪ್ಪು, ಸಕ್ಕರೆ ಪುಡಿ, ಪಾತ್ರೆ ತೊಳೆಯುವ ಪುಡಿ ಎಲ್ಲವೂ ಬಿಳಿಯೇ. ಹೆಸರಿಲ್ಲದ ಬಿಳಿ ಪುಡಿಯ ಡಬ್ಬ ಅಡುಗೆಮನೆಯಲ್ಲಿ ಇರಲೇಬಾರದು.

ಪ್ರತಿ ಡಬ್ಬಕ್ಕೆ ಚೀಟಿ ಅಂಟಿಸಬೇಕು. ಹೆಸರು ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ, ತುಂಬಿದ ತಾರೀಕು ಇರಲಿ. ಚೀಟಿ ಡಬ್ಬದ ಮೈಮೇಲೆ ಇರಬೇಕು, ಮುಚ್ಚಳದ ಮೇಲಲ್ಲ. ಮುಚ್ಚಳ ತೊಳೆಯುವಾಗ ಅದಲು ಬದಲಾಗುತ್ತದೆ. ಓದಲು ಬಾರದವರಿಗಾಗಿ ಪಾರದರ್ಶಕ ಟೇಪಿನಡಿ ನಾಲ್ಕು ಕಾಳು ಬೇಳೆಯನ್ನೇ ಅಂಟಿಸಿದರೂ ಆಯಿತು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಎಂದು ಎಲ್ಲ ಕಡೆ ರೂಢಿಯಾಗಿದೆ. ಆದ್ದರಿಂದ ಆಹಾರದ ಡಬ್ಬಕ್ಕೆ ಹಸಿರು, ನೀಲಿ ಬೇಡ. ಬಿಳಿ ಅಥವಾ ಪಾರದರ್ಶಕ ಇರಲಿ. ತೊಳೆಯುವ ಸಾಮಾನಿಗೆ ಕೆಂಪು ಡಬ್ಬ, ಅದೂ ಉಗ್ರಾಣದ ಹೊರಗೆ, ಬೇರೆ ಕಪಾಟಿನಲ್ಲಿ. ಆಹಾರವನ್ನೂ ರಾಸಾಯನಿಕವನ್ನೂ ಬೇರೆ ಬೇರೆ ಇಡಬೇಕು ಎಂಬುದು ಎಫ್‌ಎಸ್‌ಎಸ್‌ಎಐಯ ನಾಲ್ಕನೇ ಅನುಸೂಚಿಯಲ್ಲೂ ಇದೆ, ಇನ್ಸ್‌ಪೆಕ್ಟರು ಮೊದಲು ನೋಡುವುದರಲ್ಲಿ ಅದೂ ಒಂದು.

ಭಾರದ ಡಬ್ಬ ಕೆಳಗಿನ ಸಾಲಿನಲ್ಲಿ, ದಿನವೂ ಬೇಕಾದದ್ದು ಸೊಂಟದಿಂದ ಎದೆಯ ಎತ್ತರದಲ್ಲಿ, ಹಗುರವಾದದ್ದು ಮೇಲೆ. 50 ಲೀಟರು ಡಬ್ಬದಲ್ಲಿ ಅಕ್ಕಿ ತುಂಬಿದರೆ 40 ಕಿಲೋ ಭಾರ. ಅದನ್ನು ಪೋಟ್‌ಮಾಳದಲ್ಲಿಟ್ಟು ಏಣಿಯಲ್ಲಿ ಇಳಿಸಲು ಹೇಳುವುದು ನ್ಯಾಯವಲ್ಲ, ಬಿದ್ದರೆ ಸೊಂಟ ಹೋಗುವುದು ಹುಡುಗನದ್ದು. ಮೇಲೆ ಪೇಪರ್ ತಟ್ಟೆ, ಪಾರ್ಸೆಲ್ ಸಾಮಾನು, ಹಬ್ಬದ ಪಾತ್ರೆ ಇರಲಿ. ಒಲೆಯಿಂದ ಎಲ್ಲ ಪ್ಲಾಸ್ಟಿಕ್ ಕನಿಷ್ಠ ಮೂರು ಅಡಿ ದೂರ ಇರಬೇಕು.

8. ಮಳೆಗಾಲದ ತಯಾರಿ

2005ರ ಜುಲೈ 26ನ್ನು ಮುಂಬಯಿಯವರಾರೂ ಮರೆಯುವುದಿಲ್ಲ. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರು ಮಳೆ ದಾಖಲಾಯಿತು. ನೆಲದಲ್ಲಿದ್ದ ಗೋಣಿಗಳು ಎಷ್ಟೋ ಅಂಗಡಿ ಹೋಟೆಲುಗಳಲ್ಲಿ ನೀರು ಕುಡಿದು ಮೊಳಕೆ ಬಂದವು. ಕಾಂದಿವಲಿಯಲ್ಲಿ ಪೊಯ್ಸರ್ ನದಿ ಹರಿಯುತ್ತದೆ. ಅದರ ಆಸುಪಾಸಿನ ತಗ್ಗು ಪ್ರದೇಶದವರಿಗೆ ಪ್ರತಿ ಮಳೆಗಾಲವೂ ಪರೀಕ್ಷೆಯೇ.

ಜೂನ್ ಮೊದಲ ವಾರಕ್ಕೆ ಮುನ್ನ ಕೆಳಗಿನ ಸಾಲಿನ ಡಬ್ಬಗಳನ್ನು ಆದಷ್ಟು ಎತ್ತರಿಸಬೇಕು. ರವೆ, ಮೈದಾ, ಉಪ್ಪಿನ ದಾಸ್ತಾನು ಅರ್ಧಕ್ಕಿಳಿಸಿ ಪದೇ ಪದೇ ತರಿಸುವುದು ಒಳ್ಳೆಯದು. ಮುಚ್ಚಳ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಡಬ್ಬದೊಳಗೆ ಒದ್ದೆ ಸೌಟು, ಒದ್ದೆ ಕೈ ಹೋಗಬಾರದು. ಪ್ರತಿ ಡಬ್ಬದಲ್ಲಿ ಅದರದ್ದೇ ಒಣ ಅಳತೆ ಲೋಟ ಇರಲಿ.

ಒಂದು ವೇಳೆ ನೀರು ನುಗ್ಗಿದರೆ ಲೋಭ ಮಾಡಬಾರದು. ಗಟಾರದ ನೀರು ತಾಗಿದ ಗೋಣಿಯ ಮಾಲು, ಸಡಿಲ ಮುಚ್ಚಳದ ಡಬ್ಬದ ಮಾಲು ಪೂರ್ತಿ ಎಸೆಯಲೇಬೇಕು. ನೀರು ಮುಚ್ಚಳದ ಮಟ್ಟಕ್ಕೆ ಬಂದಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ ಹೊರಮೈಯನ್ನು ಬ್ಲೀಚ್ ನೀರಿನಿಂದ ಒರೆಸಿ, ಒಣಗಿಸಿ, ನಂತರ ತೆರೆದು ನೋಡಬೇಕು.

9. ತೊಳೆಯುವುದು ಮತ್ತು ನಿವೃತ್ತಿ ಕೊಡುವುದು

ಖಾಲಿಯಾದ ಡಬ್ಬವನ್ನು ಸೋಪಿನ ನೀರಿನಲ್ಲಿ ಮೆತ್ತನೆ ಸ್ಪಂಜಿನಿಂದ ತೊಳೆಯಬೇಕು. ತಂತಿಯ ಜುಂಗು ಬೇಡ, ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಮತ್ತು ರೋಗಾಣು ಕೂರುತ್ತವೆ. ಚೆನ್ನಾಗಿ ನೀರು ಹಾಕಿ ಜಾಲಾಡಿಸಿದ ಮೇಲೆ ಬ್ಲೀಚ್ ನೀರಿನಲ್ಲಿ ಒಂದೆರಡು ನಿಮಿಷ ಇಡಬೇಕು. 5 ಶೇಕಡಾದ ಬ್ಲೀಚ್ ದ್ರವ 20 ಮಿಲಿ, ನೀರು 10 ಲೀಟರು, ಇದು ಸಾಕು. ಕಣ್ಣಂದಾಜಿಗೆ ಸುರಿಯಬಾರದು. ಬ್ಲೀಚ್‌ಗೆ ಆಸಿಡ್ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ನಂತರ ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಲು ಬಿಡಬೇಕು. ಅಡುಗೆಮನೆಯ ಒರೆಸು ಬಟ್ಟೆಗಿಂತ ಕೊಳಕು ವಸ್ತು ಇನ್ನೊಂದಿಲ್ಲ.

ಗೀರು ತುಂಬಿದ, ಅಂಟಾದ, ಬಿರುಕಿನ, ವಾಸನೆ ಹಿಡಿದ ಡಬ್ಬಕ್ಕೆ ನಿವೃತ್ತಿ ಕೊಡಬೇಕು. ಇದಕ್ಕೆ ನಮ್ಮಲ್ಲಿ ಒಂದು ಮಾತಿದೆ: ಡಬ್ಬ ಇಳಿಯಬಹುದು, ಹತ್ತಬಾರದು. ಆಹಾರದ ಡಬ್ಬ ವಯಸ್ಸಾದ ಮೇಲೆ ಸ್ಕ್ರೂ, ಬಲ್ಬು, ಬಿಲ್ ಪುಸ್ತಕದ ಡಬ್ಬವಾಗಬಹುದು. ಅಲ್ಲಿಂದ ಪೊರಕೆ ಬಟ್ಟೆಯ ಡಬ್ಬವಾಗಬಹುದು. ಕೊನೆಗೆ ಭಂಗಾರ. ಆದರೆ ಕೆಳಗಿಳಿದ ಡಬ್ಬ, ಎಷ್ಟೇ ತೊಳೆದರೂ, ಮತ್ತೆ ಆಹಾರಕ್ಕೆ ಬರಬಾರದು. ಇಳಿದ ಡಬ್ಬದ ಮೇಲೆ ಬಣ್ಣದಿಂದ ದೊಡ್ಡ ಅಡ್ಡಗೆರೆ ಎಳೆದರೆ ಹೊಸ ಹುಡುಗನಿಗೂ ತಿಳಿಯುತ್ತದೆ.

10. ಕೇಟರಿಂಗಿಗೆ ಪೆಟ್ಟಿಗೆ ಕಟ್ಟುವುದು

ಹೊರಗಿನ ಆರ್ಡರಿಗೆ ಹೋಗುವಾಗ ಸಾಮಾನನ್ನು ಜಾತಿವಾರು ಕಟ್ಟುವುದು ರೂಢಿ: ಸೌಟೆಲ್ಲ ಒಂದು ಕಡೆ, ಚಾಕುವೆಲ್ಲ ಒಂದು ಕಡೆ. ಅಲ್ಲಿಗೆ ಹೋದ ಮೇಲೆ ಹುಡುಕಾಟ ಶುರು. ಅದರ ಬದಲು ಕೆಲಸವಾರು ಕಟ್ಟಬೇಕು. ದೋಸೆ ಕೌಂಟರಿಗೆ ಒಂದು ಮುಚ್ಚಳದ ಪೆಟ್ಟಿಗೆ. ಅದರಲ್ಲಿ ಸಟ್ಟುಗ 2, ಹಿಟ್ಟಿನ ಸೌಟು 2, ಎಣ್ಣೆ ಡಬ್ಬಿ, ಒರೆಸುವ ಬಟ್ಟೆ 4, ಲೈಟರು, ಚಾಕು, ಕೈಗವಸು, ಟೋಪಿ. ಚಹಾ ಕಾಫಿಗೆ ಇನ್ನೊಂದು, ಬಡಿಸುವವರಿಗೆ ಮತ್ತೊಂದು. ಮುಚ್ಚಳದ ಒಳಮೈಯಲ್ಲಿ ಪಟ್ಟಿ ಅಂಟಿಸಿರಬೇಕು. ಹೋಗುವಾಗ ಎಣಿಸಬೇಕು, ಬರುವಾಗ ಎಣಿಸಬೇಕು. ಆಗ ಹಾಲಿನಲ್ಲಿ ಸೌಟು ಬಿಟ್ಟು ಬಂದೆವೋ, ಟೆಂಪೋದಲ್ಲಿ ಹೋಯಿತೋ ಎಂಬ ಜಗಳ ಇರುವುದಿಲ್ಲ, ಸುಮ್ಮನೆ ಯಾರ ಮೇಲೂ ಸಂಶಯ ಬರುವುದಿಲ್ಲ.

11. ಹುಡುಗರಿಗೂ ಒಂದು ಪೆಟ್ಟಿಗೆ

ಕೊನೆಯದಾಗಿ, ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಡಬ್ಬ. ಹೋಟೆಲಿನಲ್ಲಿ ಮಲಗುವ ಹುಡುಗರ ಬಟ್ಟೆ, ಸೋಪು, ಚಪ್ಪಲಿ, ಆಧಾರ್ ಕಾರ್ಡು, ಪಾಸ್‌ಬುಕ್ಕು, ಊರಿಗೆ ಕಳಿಸಲು ಕೂಡಿಟ್ಟ ದುಡ್ಡು ಎಲ್ಲಿರುತ್ತದೆ? ಹೆಚ್ಚಾಗಿ ಮೈದಾ ಗೋಣಿಯ ಹಿಂದೆ, ಬಟಾಟೆ ಕ್ರೇಟಿನ ಮೇಲೆ. ಇದು ಆಹಾರಕ್ಕೂ ಸರಿಯಲ್ಲ, ಆ ಮಕ್ಕಳಿಗೂ ಸರಿಯಲ್ಲ. ಕೆಲಸಗಾರರ ಸ್ವಂತ ವಸ್ತು ಆಹಾರ ಇರುವ ಜಾಗದಲ್ಲಿ ಇರಬಾರದು ಎಂದು ನಿಯಮ ಹೇಳುತ್ತದೆ. ಆದರೆ ಇಡಲು ಬೇರೆ ಜಾಗ ಕೊಡದೆ ಬರೀ ನಿಯಮ ಹೇಳಿದರೆ ಪ್ರಯೋಜನವಿಲ್ಲ.

ನಮ್ಮವರು ಮುಂಬಯಿಗೆ ಬಂದ ಕಾಲದಲ್ಲಿ ತಗಡಿನ ಟ್ರಂಕು ಇತ್ತು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಮಾಡಿದವರು ನಮ್ಮಲ್ಲಿ ಅನೇಕರು. ಆ ಪುಸ್ತಕ ಉಳಿದದ್ದು ಆ ಟ್ರಂಕಿನಿಂದ. ಬೀಗ ಹಾಕುವ ಟ್ರಂಕು ಒಂದಿದ್ದರೆ ಪರವೂರಿನಲ್ಲಿ ತನ್ನದೆಂಬ ಜಾಗ ಒಂದಿದೆ ಎಂಬ ಧೈರ್ಯ ಬರುತ್ತಿತ್ತು. ಈಗ ಬೀಗ ಹಾಕಲು ಬರುವ 50 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ ತಲೆಗೊಂದರಂತೆ ಕೊಟ್ಟು, ಮೇಲೆ ಅವರ ಹೆಸರು ಬರೆದು, ಉಗ್ರಾಣದ ಹೊರಗೆ ಸಾಲಾಗಿ ಇರಿಸಿದ್ದೇವೆ. ಕೀಲಿಕೈ ಅವರದ್ದೇ. ಕದ್ದ, ಕದಿಯಲಿಲ್ಲ ಎಂಬ ಮಾತು ನಿಂತಿತು. ಒಡಿಶಾದ ಒಬ್ಬ ಹುಡುಗ ಮೊದಲ ದಿನ, 'ಸೇಟ್, ಕೆಲಸ ಬಿಟ್ಟು ಹೋಗುವಾಗ ಇದನ್ನು ವಾಪಸು ಕೊಡಬೇಕಾ?' ಎಂದು ಕೇಳಿದ. 'ಬೇಡ ಮಾರಾಯ, ನಿನ್ನದೇ' ಎಂದೆವು. ಉಗ್ರಾಣದ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸವನ್ನು ಈಗ ಅವನೇ ನೋಡಿಕೊಳ್ಳುತ್ತಾನೆ.

ಈ ತಿಂಗಳ ಅಭ್ಯಾಸ

ಓದಿ ಬದಿಗಿಡದೆ, ಒಂದು ವಾರದಲ್ಲಿ ಇಷ್ಟು ಮಾಡಿ ನೋಡಿ.

ಸೋಮವಾರ: ಎಲ್ಲ ಡಬ್ಬ ಬೋರಲು ಹಾಕಿ ಅಂಕಿ, ಚಿಹ್ನೆ ನೋಡಿ. ಹಿಂದೆ ಏನಿತ್ತೆಂದು ಗೊತ್ತಿಲ್ಲದ್ದನ್ನು ಹೊರಗೆ ಹಾಕಿ.
ಮಂಗಳವಾರ: ಬಿಳಿ ಪುಡಿಗಳಿಗೆಲ್ಲ ಹೆಸರು ಬರೆಯಿರಿ. ತೊಳೆಯುವ ಸಾಮಾನು ಬೇರೆ ಕಪಾಟಿಗೆ.
ಬುಧವಾರ: ಒಂದು ಲೀಟರು ಪಾತ್ರೆಯಿಂದ ನಿಮ್ಮ ಐದು ಮುಖ್ಯ ಸಾಮಾನುಗಳ ತೂಕ ಗುರುತು ಮಾಡಿಕೊಳ್ಳಿ.
ಗುರುವಾರ: ಒಂದೇ ಒಂದು ಸಾಮಾನಿಗೆ, ಅಕ್ಕಿ ಅಥವಾ ಉದ್ದಿಗೆ, ಎರಡು ಡಬ್ಬದ ಪದ್ಧತಿ ಆರಂಭಿಸಿ.
ಶುಕ್ರವಾರ: ನೆಲಕ್ಕೆ ತಾಗಿದ್ದನ್ನೆಲ್ಲ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ದೂರ ಸರಿಸಿ.
ಶನಿವಾರ: ಗೀರು ಬಿದ್ದ ಡಬ್ಬಗಳಿಗೆ ಅಡ್ಡಗೆರೆ ಎಳೆದು ಇಳಿಸಿ.
ಭಾನುವಾರ: ಹುಡುಗರ ಸಾಮಾನು ಎಲ್ಲಿದೆ ಎಂದು ಅವರನ್ನೇ ಕೇಳಿ.

ಎಲ್ಲವನ್ನೂ ಒಮ್ಮೆಲೇ ಕೊಳ್ಳಬೇಕಾಗಿಲ್ಲ. ವಾರಕ್ಕೆ ಎರಡು ಡಬ್ಬ ಕೊಂಡರೂ ಮಳೆಗಾಲದೊಳಗೆ ಉಗ್ರಾಣ ಒಂದು ರೂಪಕ್ಕೆ ಬರುತ್ತದೆ. ಮನೆಯಲ್ಲಿ ಒಂದು ಕೋಣೆಯ ಅಡುಗೆಮನೆಯಿದ್ದರೂ ಇದೇ ಪಾಠ ಸಲ್ಲುತ್ತದೆ, ಅಳತೆ ಮಾತ್ರ ಚಿಕ್ಕದು. ನಿಮ್ಮ ಹೋಟೆಲಿನಲ್ಲಿ ಇದಕ್ಕಿಂತ ಒಳ್ಳೆಯ ಕ್ರಮ ಇದ್ದರೆ ಸಂಘದ ಮುಂದಿನ ಸಭೆಯಲ್ಲಿ ತಿಳಿಸಿರಿ, ನಾವೂ ಕಲಿಯುತ್ತೇವೆ.